ಬಸ್ಸು ನಿಲ್ಲುವ ಹೆಸರು

ನದೀಮೂಲ, ಋಷಿಮೂಲ ಹುಡುಕಬಾರದು ಎಂದು ತಿಳಿದವರು ಹೇಳುತ್ತಾರೆ. ಆ ಪಟ್ಟಿಗೆ ಮನೆತನದ ಹೆಸರಿನ ಮೂಲವನ್ನೂ ಸೇರಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಈ ವಿಷಯದಲ್ಲಿ ಮಾತಾಡಲು ನನಗೆ ಅಧಿಕಾರವಿದೆ. ಸ್ಕೆಲ್ಬಿ ಎಂಬ ನಮ್ಮ ಊರಿನಲ್ಲಿ ಮೂವತ್ತೊಂದು ವರ್ಷ ಅಂಚೆ ಹಂಚಿದವನು ನಾನು. ಸಿಡ್ನಿ ಪ್ಯಾಸ್ಕ್ ಎಂದರೆ ಇಲ್ಲಿನ ನಾಯಿಗಳಿಗೂ ಗೊತ್ತು. ಕೆಲವಕ್ಕೆ ನನ್ನ ರುಚಿಯೂ ಗೊತ್ತು.

ಊರಿನ ಎಂಬತ್ತು ಮನೆಗಳ ಪೈಕಿ ನನಗೆ ತಲೆನೋವು ಕೊಟ್ಟ ಹೆಸರು ಒಂದೇ, ಪಕ್ಕದ ಮನೆಯ ಕ್ಲಿಫರ್ಡ್ ಸ್ಕೆಲ್ಬಿಯದು. ಊರೂ ಸ್ಕೆಲ್ಬಿ, ಅವನ ಮನೆತನವೂ ಸ್ಕೆಲ್ಬಿ. ಲಕೋಟೆಯ ಮೇಲೆ ಬರೀ 'ಸ್ಕೆಲ್ಬಿ, ಸ್ಕೆಲ್ಬಿ' ಎಂದಿದ್ದರೆ ಅದು ಅವನಿಗೋ ಊರ ಪಂಚಾಯಿತಿಗೋ ಎಂದು ನಾನು ಮೂಸಿ ನೋಡಿ ತೀರ್ಮಾನಿಸುತ್ತಿದ್ದೆ. ಯಂತ್ರದ ಎಣ್ಣೆಯ ವಾಸನೆ ಬಂದರೆ ಕ್ಲಿಫರ್ಡ್‌ಗೆ, ಚರಂಡಿಯ ವಾಸನೆ ಬಂದರೆ ಪಂಚಾಯಿತಿಗೆ. ಒಂದು ಸಲವೂ ತಪ್ಪಲಿಲ್ಲ. ನಾನು ನಿವೃತ್ತನಾದ ಮೇಲೆ ಬಂದ ಹೊಸ ಅಂಚೆಯವಳಿಗೆ ಆ ಮೂಗಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕ್ಲಿಫರ್ಡ್‌ಗೆ ಆಗ ಅರವತ್ತೊಂದು. ಹುಲ್ಲು ಕತ್ತರಿಸುವ ಯಂತ್ರಗಳ ರಿಪೇರಿ ಅವನ ಕಸುಬು. ಮಕ್ಕಳಿಲ್ಲ, ಅಣ್ಣತಮ್ಮಂದಿರಿಲ್ಲ, ಹೆಂಡತಿ ಮ್ಯೂರಿಯಲ್ ಒಬ್ಬಳೇ. ನಮ್ಮ ಚರ್ಚಿನ ಸಮಾಧಿ ಅಂಗಳದಲ್ಲಿ ಹಾಬ್ಸನ್‌ಗಳು, ಲೀಕ್‌ಗಳು, ಪ್ಯಾಸ್ಕ್‌ಗಳು ಸಾಲುಸಾಲಾಗಿ ಮಲಗಿದ್ದಾರೆ. ಸ್ಕೆಲ್ಬಿಗಳದ್ದು ಮಾತ್ರ ಮೂಲೆಯ ತುರಿಕೆ ಗಿಡಗಳ ನಡುವೆ ನಾಲ್ಕೇ ಕಲ್ಲು. ಯಾರಾದರೂ "ನಮ್ಮ ಚಿಕ್ಕಪ್ಪ, ನಮ್ಮ ಸೋದರತ್ತೆ" ಎಂದು ಮಾತು ತೆಗೆದರೆ ಕ್ಲಿಫರ್ಡ್ ಹವಾಮಾನದ ವಿಷಯ ಎತ್ತುತ್ತಿದ್ದ.

ಎಲ್ಲವೂ ಶುರುವಾದದ್ದು ಸಾವಿರದ ಒಂಬೈನೂರ ಎಂಬತ್ತೇಳರ ಕ್ರಿಸ್‌ಮಸ್ ಊಟದಲ್ಲಿ. ಮ್ಯೂರಿಯಲ್‌ಳ ತಂಗಿಯ ಗಂಡ ಡೆಸ್ಮಂಡ್ ಬಂದಿದ್ದ. ನಾನೂ ಇದ್ದೆ. ಡೆಸ್ಮಂಡ್ ಹುರಿದ ಟರ್ಕಿ ಕೋಳಿಯನ್ನು ಹೋಳು ಮಾಡುತ್ತಾ ತನ್ನ ವಂಶದ ಕಥೆ ಬಿಚ್ಚಿದ.

"ಒಂಬೈನೂರು ವರ್ಷದ ಹಿಂದೆ ಈ ದೇಶ ಗೆದ್ದ ನಾರ್ಮನ್ ದೊರೆ ಜೊತೆ ಹಡಗಲ್ಲಿ ಬಂದವರು ನಾವು. ದೊರೆ ಹಿಂದಿನ ಎರಡನೇ ಸಾಲಲ್ಲೇ ಕೂತಿದ್ದು ನಮ್ಮ ಮೂಲಪುರುಷ. ನಿಮ್ಮದೇನು ಭಾವ, ಮೂಲ?"

ಕ್ಲಿಫರ್ಡ್‌ನ ಫೋರ್ಕಿನ ತುದಿಯಲ್ಲಿ ಪುಟ್ಟ ಎಲೆಕೋಸೊಂದು ಸಿಕ್ಕಿಕೊಂಡಿತ್ತು. ಅದನ್ನೇ ನೋಡುತ್ತಾ ಅವನು ಹೇಳಿದ: "ನಿಮ್ಮ ಹೆಸರು ಹಡಗಲ್ಲಿ ಬಂದಿರಬಹುದಪ್ಪಾ. ನನ್ನ ಹೆಸರಲ್ಲಿ ಬಸ್ಸೇ ನಿಲ್ಲುತ್ತೆ!"

"ಅಂದ್ರೆ?"

"ಅಂದ್ರೇನು? ಈ ಊರಿಗೆ ಹೆಸರು ಯಾರಿಂದ ಬಂತು ಅಂದ್ಕೊಂಡೆ? ನಮ್ಮಿಂದ! ನಾವು ಇಲ್ಲಿನ ಧಣಿಗಳಾಗಿದ್ದೋರು."

ಅವನು ಅದಕ್ಕೆ ಮೊದಲು ಹಾಗೆಂದು ಯೋಚಿಸಿದ್ದೇ ಇಲ್ಲ, ನನ್ನಾಣೆ. ಆದರೆ ಬಾಯಿಂದ ಹೊರಬಿದ್ದ ಮೇಲೆ ಮಾತು ಅವನ ಕಿವಿಗೂ ಬಿತ್ತು. ಕಿವಿಗೆ ಬಿದ್ದ ಮೇಲೆ ನಂಬಿದ. ಡೆಸ್ಮಂಡ್ ಟರ್ಕಿಯ ದೊಡ್ಡ ಹೋಳನ್ನು ಭಾವನ ತಟ್ಟೆಗೇ ಬಡಿಸಿದ. ಅಷ್ಟು ಸಾಕಿತ್ತು.

ಜನವರಿಯಲ್ಲಿ ಅಂಚೆಯ ಮೂಲಕ ಒಂದು ಫಲಕ ಬಂತು. ನಿಮ್ಮ ಹೆಸರು ಕಳಿಸಿ, ನಿಮ್ಮ ಕುಲಚಿಹ್ನೆ ತರಿಸಿಕೊಳ್ಳಿ ಎಂದು ಪತ್ರಿಕೆಯಲ್ಲಿ ಯಾರೋ ಜಾಹೀರಾತು ಹಾಕಿದ್ದರಂತೆ. ಗುರಾಣಿಯ ಆಕಾರ. ಎರಡು ಮುಳ್ಳುಹಂದಿಗಳು ಎದುರುಬದುರು ನಿಂತು ಏನನ್ನೋ ಎತ್ತಿ ಹಿಡಿದಿದ್ದವು.

"ಎಲೆಕೋಸು ಕಣ್ರೀ ಅದು," ಎಂದಳು ಮ್ಯೂರಿಯಲ್.

"ಗುಲಾಬಿ ಕಣೇ! ಕಾಗದದಲ್ಲಿ ಬರ್ದಿದ್ದಾರೆ, ಗುಲಾಬಿ ಅಂತ!"

ಕುಲಚಿಹ್ನೆ ಎಂಬುದನ್ನು ಒಬ್ಬ ಮನುಷ್ಯನಿಗೆ, ಅವನ ಸಂತಾನಕ್ಕೆ ಕೊಡುತ್ತಾರೆಯೇ ಹೊರತು, ಅದೇ ಹೆಸರಿನ ಎಲ್ಲರಿಗೂ ಹಂಚುವುದಿಲ್ಲ. ನಮ್ಮ ಪಾದ್ರಿ ಆಂಬ್ರೋಸ್ ಅವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಆದರೆ ಪಾದ್ರಿಗಳ ಹುಲ್ಲಿನ ಯಂತ್ರ ಆಗ ಕ್ಲಿಫರ್ಡ್‌ನ ಶೆಡ್ಡಿನಲ್ಲಿ ಬಿಚ್ಚಿ ಬಿದ್ದಿತ್ತು. ಅವರು ಗುಲಾಬಿಯನ್ನು ಹೊಗಳಿ ಹೋದರು.

ಫಲಕ ಶೆಡ್ಡಿನ ಬಾಗಿಲ ಮೇಲೆ ಏರಿತು. ಮೊದಲು ನೋಡಿದ್ದು ಮಿಸೆಸ್ ಎನಿಡ್ ಹಾಬ್ಸನ್. ಆಕೆ ಊರಿನಾಚೆ ಹಂದಿ ಸಾಕುತ್ತಾರೆ, ಊರೊಳಗೆ ಪಂಚಾಯಿತಿಯ ಅಧ್ಯಕ್ಷೆ. ಎರಡೂ ಕಡೆ ಒಂದೇ ದನಿಯಲ್ಲಿ ಮಾತಾಡುತ್ತಾರೆ.

"ಏನ್ ಕ್ಲಿಫರ್ಡ್, ಮುಳ್ಳುಹಂದಿ ರಿಪೇರಿನೂ ಶುರು ಹಚ್ಕೊಂಡ್ಯಾ?"

"ಅದು ನಮ್ಮ ವಂಶದ ಚಿಹ್ನೆ, ಮಿಸೆಸ್ ಹಾಬ್ಸನ್. ಈ ಊರಿಗೆ ಹೆಸರು ಕೊಟ್ಟ ವಂಶ."

ಮಿಸೆಸ್ ಹಾಬ್ಸನ್ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. "ಓಹೋ, ಧಣಿಗಳು! ಗೊತ್ತೇ ಇರ್ಲಿಲ್ವಲ್ಲ. ಹಂಗಾದ್ರೆ ಕೆಳಗಿನ ಬೀದಿ ಹಳ್ಳ ಹೂಳು ತುಂಬಿದೆ. ಹಳ್ಳ ತೋಡಿಸೋದು ಹಿಂದಿನಿಂದ್ಲೂ ಧಣಿಗಳ ಕೆಲಸ."

ಆ ಭಾನುವಾರ ಕ್ಲಿಫರ್ಡ್ ಮೊಣಕಾಲುದ್ದದ ರಬ್ಬರ್ ಬೂಟು ಹಾಕಿಕೊಂಡು ಹಳ್ಳದಲ್ಲಿದ್ದ. ಧಣಿಗೆ ಆಳುಗಳಿರಲಿಲ್ಲವಾದ್ದರಿಂದ ಆಳೂ ಅವನೇ. ಸುದ್ದಿ ಊರೆಲ್ಲ ಹರಡಿತು. ನಮ್ಮ ಪಬ್ಬಿನ ಹೊರೇಸ್ ಲೀಕ್‌ಗೆ ತಕ್ಷಣ ಇನ್ನೊಂದು ಹಳೇ ಪದ್ಧತಿ ನೆನಪಾಯಿತು.

"ಚರ್ಚಿನ ಗಂಟೆ ಬಾರಿಸೋರಿಗೆ ವರ್ಷಕ್ಕೊಂದ್ಸಲ ಧಣಿಗಳು ಬಿಯರ್ ಕೊಡಿಸ್ಬೇಕು. ನಮ್ಮಜ್ಜ ಹೇಳ್ತಿದ್ರು."

ನಮ್ಮ ಚರ್ಚಿನಲ್ಲಿರುವುದು ಆರು ಗಂಟೆ, ಆರು ಜನ. ಆ ಶನಿವಾರ ಗಂಟೆ ಬಾರಿಸುವವರು ಹದಿನಾಲ್ಕು ಜನ ಬಂದಿದ್ದರು. ಸತ್ಯ ಹೇಳಬೇಕೆಂದರೆ ನಾನೂ ಒಬ್ಬ.

ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಕ್ಲಿಫರ್ಡ್‌ಗೆ ಐಶ್ವರ್ಯವೇನೂ ಬರಲಿಲ್ಲ, ಕೊಡೆ ಮಾತ್ರ ಬಂತು. ಪೇಟೆಯಿಂದ ಬರುವ ಬಸ್ಸಿನ ಮುಂದಿನ ಸೀಟಿನಲ್ಲೇ ಕೂರುತ್ತಿದ್ದ. ಊರ ಹೆಸರಿನ ಹಲಗೆ ಕಂಡು ಡ್ರೈವರ್ "ಸ್ಕೆಲ್ಬಿ!" ಎಂದು ಕೂಗಿದೊಡನೆ ಹ್ಯಾಟು ಎತ್ತಿ, ಹಿಂದೆ ತಿರುಗಿ, ಪ್ರಯಾಣಿಕರಿಗೆಲ್ಲ ತಲೆಬಾಗುತ್ತಿದ್ದ. ಒಮ್ಮೆ ಪಕ್ಕದೂರಿನ ಮುದುಕಿಯೊಬ್ಬಳು ಇವನೇ ಟಿಕೆಟ್ ಕೇಳುವವನೆಂದು ತಿಳಿದು ಚೀಟಿ ತೋರಿಸಿದಳು. ಅವನು ಅದನ್ನೂ ಗಂಭೀರವಾಗಿ ನೋಡಿ ಹಿಂತಿರುಗಿಸಿದ.

ಇಷ್ಟಕ್ಕೇ ನಿಂತಿದ್ದರೆ ನಗುನಗುತ್ತಾ ಮುಗಿಯುತ್ತಿತ್ತು. ಆದರೆ ಆ ವರ್ಷ ನಮ್ಮ ಸಂತ ಮ್ಯಾಥ್ಯೂ ಚರ್ಚಿಗೆ ಏಳುನೂರು ತುಂಬುತ್ತಿತ್ತು. ಸೆಪ್ಟೆಂಬರ್ ಇಪ್ಪತ್ತೊಂದು, ಸಂತನ ಹಬ್ಬದ ದಿನ, ಚರ್ಚಿನ ಮುಂಬಾಗಿಲ ಪಕ್ಕ ನೆನಪಿನ ಕಲ್ಲೊಂದನ್ನು ನಿಲ್ಲಿಸಬೇಕೆಂದು ಪಂಚಾಯಿತಿ ಸಭೆಯಲ್ಲಿ ಮಾತು ಬಂತು. ಕ್ಲಿಫರ್ಡ್ ಎದ್ದು ನಿಂತ.

"ಕಲ್ಲು ನಾನು ಕೊಡ್ತೀನಿ. ಅದರ ಮೇಲೆ ಒಂದು ಸಾಲು ಬರೀಬೇಕು: 'ಈ ಊರಿಗೆ ಹೆಸರು ಕೊಟ್ಟ ಸ್ಕೆಲ್ಬಿ ಮನೆತನದ ನೆನಪಿಗೆ.' ಅಷ್ಟೇ."

"ಪುರಾವೆ?" ಎಂದರು ಮಿಸೆಸ್ ಹಾಬ್ಸನ್.

"ನನ್ನ ಹೆಸರೇ ಪುರಾವೆ!"

"ನಮ್ಮನೆ ಬೆಕ್ಕಿನ ಹೆಸರು ನೆಪೋಲಿಯನ್. ಅದಕ್ಕೆ ಫ್ರಾನ್ಸ್ ಬರ್ಕೊಡೋಣ್ವಾ?"

ಸಭೆ ಗೊಳ್ಳೆಂದಿತು. ಕ್ಲಿಫರ್ಡ್ ಕೂರಲಿಲ್ಲ. ಕಿವಿ ಕೆಂಪಗಾಗಿ, ಹ್ಯಾಟಿನ ಅಂಚು ಹಿಂಡುತ್ತಾ ನಿಂತೇ ಇದ್ದ. "ನಿಮಗೆಲ್ಲ ಇಲ್ಲಿ ಸಾಲುಸಾಲು ಸಮಾಧಿ ಇದೆ. ನನ್ನ ನಂತರ ನಮ್ಮ ಹೆಸರು ಹೇಳೋರು ಯಾರೂ ಇಲ್ಲ. ಒಂದು ಕಲ್ಲಾದ್ರೂ ಹೇಳ್ಲಿ ಅಂತ ಕೇಳ್ದೆ."

ನಗು ಸ್ವಲ್ಪ ತಗ್ಗಿತು. ಪಾದ್ರಿಗಳು ಗಂಟಲು ಸರಿಮಾಡಿಕೊಂಡು ರಾಜಿ ಸೂಚಿಸಿದರು. ಹಬ್ಬದೊಳಗೆ ಕಾಗದದ ಪುರಾವೆ ತಂದರೆ ಕಲ್ಲು ನಿಲ್ಲುತ್ತದೆ, ಕ್ಲಿಫರ್ಡ್‌ನೇ ಪರದೆ ಸರಿಸಬೇಕು. ತರದಿದ್ದರೆ ಮುಳ್ಳುಹಂದಿ ಕೆಳಗಿಳಿಯಬೇಕು, ಹಬ್ಬದ ದಿನ ಎಲ್ಲರೆದುರು 'ತಪ್ಪಾಯಿತು' ಎನ್ನಬೇಕು. ಎರಡನೆಯ ಭಾಗ ಸೇರಿಸಿದ್ದು ಮಿಸೆಸ್ ಹಾಬ್ಸನ್ ಎಂದು ಬೇರೆ ಹೇಳಬೇಕಿಲ್ಲ.

ಕ್ಲಿಫರ್ಡ್‌ಗೆ ಗೆಲುವು ಎಷ್ಟು ಖಾತ್ರಿಯಾಗಿತ್ತೆಂದರೆ ಮರುದಿನವೇ ಕಲ್ಲುಕುಟಿಗನಿಗೆ ಹೇಳಿ ಅಕ್ಷರ ಕೆತ್ತಿಸಿದ, ಡೆಸ್ಮಂಡ್‌ಗೆ ಆಮಂತ್ರಣ ಕಳಿಸಿದ. ಪುರಾವೆ ಹುಡುಕುವುದನ್ನು ಮಾತ್ರ ಹಬ್ಬಕ್ಕೆ ಎರಡು ವಾರ ಇರುವವರೆಗೆ ಮುಂದೂಡಿದ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರನ್ನು ನೋಡಿದ್ದೆ. ಇವನು ಅದನ್ನು ಕಲ್ಲಿನಲ್ಲೇ ಹೊಲಿಸಿಬಿಟ್ಟಿದ್ದ.

ಜಿಲ್ಲೆಯ ದಾಖಲೆ ಕಚೇರಿಗೆ ನನ್ನನ್ನೂ ಎಳೆದುಕೊಂಡು ಹೋದ. ಅಲ್ಲಿ ಮಿಸ್ ಹ್ಯಾಲಮ್ ಎಂಬ ಸಣ್ಣ ದನಿಯ ಹೆಂಗಸು, ಹಳೇ ಕಾಗದಕ್ಕೆ ಶಾಯಿ ತಗಲಬಾರದೆಂದು ಅವನ ಪೆನ್ನು ಕಿತ್ತುಕೊಂಡು ಪೆನ್ಸಿಲ್ ಕೊಟ್ಟಳು. ಮ್ಯೂರಿಯಲ್ ಕಟ್ಟಿಕೊಟ್ಟ ಹಂದಿಮಾಂಸದ ಕಡುಬನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದಳು. ಹೆಸರು, ವಿಳಾಸ ಬರೆಯಿರಿ ಎಂದಾಗ ಕ್ಲಿಫರ್ಡ್ ಎದೆಯುಬ್ಬಿಸಿ 'ಸ್ಕೆಲ್ಬಿ, ಸ್ಕೆಲ್ಬಿ' ಎಂದು ಬರೆದ. ನಂತರ ನಮ್ಮ ಚರ್ಚಿನ ಹಳೆಯ ನಾಮಕರಣದ ಪುಸ್ತಕಗಳು ಬಂದವು.

ತಂದೆ ಸಿಕ್ಕ, ತಾತ ಸಿಕ್ಕ, ಮುತ್ತಾತ ಸಿಕ್ಕ. ಒಂದೊಂದು ತಲೆ ಸಿಕ್ಕಾಗಲೂ ಕ್ಲಿಫರ್ಡ್ ನನ್ನ ಪಕ್ಕೆಗೆ ತಿವಿಯುತ್ತಿದ್ದ. ಸಾವಿರದ ಏಳುನೂರ ತೊಂಬತ್ತೈದರಲ್ಲಿ ಮ್ಯಾಥ್ಯೂ ಸ್ಕೆಲ್ಬಿ ಎಂಬವನು ಸಿಕ್ಕ.

"ಇನ್ನೂ ಹಿಂದಕ್ಕೆ ಹೋಗಮ್ಮಾ. ಇನ್ನೇನು ಕೋಟೆ ಬಂದ್ಬಿಡುತ್ತೆ."

ಮಿಸ್ ಹ್ಯಾಲಮ್ ಪುಟ ತಿರುಗಿಸಲಿಲ್ಲ. "ಇಲ್ಲಿಂದ ಹಿಂದಕ್ಕೆ ದಾರಿ ಇಲ್ಲ ಸಾರ್."

"ಯಾಕೆ, ಪುಸ್ತಕ ಕಳೆದೋಗಿದ್ಯಾ?"

"ಪುಸ್ತಕ ಇದೆ. ಅಪ್ಪ ಅಮ್ಮ ಇಲ್ಲ." ಅವಳು ಬೆರಳಿಟ್ಟು ಮೆಲ್ಲಗೆ ಓದಿದಳು: "'ಸಂತ ಮ್ಯಾಥ್ಯೂ ಹಬ್ಬದ ಬೆಳಿಗ್ಗೆ ಚರ್ಚಿನ ಮುಂಬಾಗಿಲಲ್ಲಿ ಸಿಕ್ಕಿದ ಗಂಡು ಕೂಸು. ಹೆತ್ತವರು ತಿಳಿಯದು.' ಹಾಗೆ ಸಿಕ್ಕಿದ ಮಕ್ಕಳಿಗೆ ಆಗೆಲ್ಲ ಆ ದಿನದ ಸಂತನ ಹೆಸರು, ಸಿಕ್ಕಿದ ಊರಿನ ಹೆಸರು ಇಡ್ತಿದ್ರು ಸಾರ್. ಊರಿಗೆ ನಿಮ್ಮಿಂದ ಹೆಸರು ಬಂದದ್ದಲ್ಲ. ನಿಮಗೇ ಊರಿಂದ ಬಂದದ್ದು."

ಕ್ಲಿಫರ್ಡ್ ಪೆನ್ಸಿಲನ್ನು ಮೇಜಿನ ಮೇಲೆ ನೇರವಾಗಿ ಇಟ್ಟ. ಮತ್ತೆ ಇನ್ನೂ ನೇರ ಮಾಡಿದ.

"ಅದೇ ವರ್ಷದ ಚರ್ಚ್ ಸಭೆಯ ನಡಾವಳಿ ಪುಸ್ತಕನೂ ಇದೆ. ತರ್ಲಾ?" ಎಂದಳು ಮಿಸ್ ಹ್ಯಾಲಮ್.

"ಬೇಡಮ್ಮಾ. ಇಷ್ಟೇ ಸಾಕು," ಎಂದು ಎದ್ದುಬಿಟ್ಟ. ಕಡುಬನ್ನು ಬೀರುವಿನಲ್ಲೇ ಮರೆತು ಬಂದೆವು. ನಾನು ಜೀವಮಾನದಲ್ಲಿ ಕಡುಬು ಮರೆತದ್ದು ಅದೊಂದೇ ಸಲ.

ಬಸ್ಸಿನಲ್ಲಿ ಕೊನೆಯ ಸೀಟು ಹಿಡಿದ. ಡ್ರೈವರ್ "ಸ್ಕೆಲ್ಬಿ!" ಎಂದು ಕೂಗಿದಾಗ ಹ್ಯಾಟು ಏಳಲಿಲ್ಲ, ಮನುಷ್ಯನೂ ಏಳಲಿಲ್ಲ. ನಾನೇ ತೋಳು ಹಿಡಿದು ಇಳಿಸಿದೆ.

"ಸಿಡ್ನಿ, ಯಾರಿಗೂ ಹೇಳ್ಬೇಡ ಕಣಯ್ಯಾ. ಧಣಿ ಅಲ್ಲ ಅಂದ್ರೂ ತಡ್ಕೋಬಹುದು. ಈ ಊರಿನವನೇ ಅಲ್ಲ ಅಂತ ಆಯ್ತಲ್ಲ. ಯಾರೋ ಬಿಟ್ಟು ಹೋದದ್ದು."

ಮೂವತ್ತೊಂದು ವರ್ಷ ಪರರ ಪತ್ರ ಓದಿದವನಲ್ಲ ನಾನು. ಪೋಸ್ಟ್‌ಕಾರ್ಡು ಬೇರೆ ವಿಷಯ. ಆಯಿತು ಎಂದೆ.

ಮರುದಿನ ಮುಳ್ಳುಹಂದಿ ತಾನಾಗಿಯೇ ಕೆಳಗಿಳಿಯಿತು. ಮ್ಯೂರಿಯಲ್ ಫಲಕವನ್ನು ಮಗುಚಿ ಹಾಕಿ ಅದರ ಮೇಲೆ ಹಿಟ್ಟು ಲಟ್ಟಿಸತೊಡಗಿದಳು. ಮಿಸೆಸ್ ಹಾಬ್ಸನ್ ದಿನಕ್ಕೆ ಎರಡು ಬಾರಿ ನನ್ನನ್ನು ಅಡ್ಡಗಟ್ಟುತ್ತಿದ್ದರು.

"ಸಿಕ್ತೇನಯ್ಯಾ ಕಾಗದ?"

"ಹುಡುಕಾಟ ನಡೀತಿದೆ, ಮಿಸೆಸ್ ಹಾಬ್ಸನ್."

"ನಿನ್ನ ಮುಖ ನೋಡಿದ್ರೆ ಹೆಣ ಸಿಕ್ಕಂಗಿದೆ."

ಹಬ್ಬಕ್ಕೆ ನಾಲ್ಕು ದಿನವಿದ್ದಾಗ ಪ್ರಶ್ನೆಗಳು ಇದ್ದಕ್ಕಿದ್ದಂತೆ ನಿಂತವು. ಅಷ್ಟೇ ಅಲ್ಲ, ಮಿಸೆಸ್ ಹಾಬ್ಸನ್ ನನ್ನನ್ನು ನೋಡಿ ನಕ್ಕರು. ಕ್ಲಿಫರ್ಡ್‌ನ ಮನೆಗೆ ಸ್ವತಃ ಹೋಗಿ ಒಂದು ಮಾಲೆ ಸಾಸೇಜು ಕೊಟ್ಟು, "ಚೆನ್ನಾಗ್ ತಿನ್ನು, ಸೊರಗಿದೀಯ," ಎಂದು ಬಂದರು. ಆಕೆ ಸಿಟ್ಟಾದರೆ ಊರು ಹೇಗೋ ತಡೆದುಕೊಳ್ಳುತ್ತದೆ. ನಕ್ಕರೆ ತಡೆದುಕೊಳ್ಳುವ ಅಭ್ಯಾಸ ನನಗೂ ಇರಲಿಲ್ಲ, ಕ್ಲಿಫರ್ಡ್‌ಗೂ ಇರಲಿಲ್ಲ. ಆ ಸಾಸೇಜನ್ನು ಅವನು ಮೊದಲು ಬೆಕ್ಕಿಗೆ ಹಾಕಿ ನೋಡಿದ.

ಹಬ್ಬದ ದಿನ ಇಡೀ ಊರು ಚರ್ಚಿನ ಅಂಗಳದಲ್ಲಿ ನೆರೆದಿತ್ತು. ಉದ್ದನೆಯ ಮೇಜುಗಳ ಮೇಲೆ ಒಣಹಣ್ಣಿನ ಬ್ರೆಡ್ಡು, ಚೀಸು, ಚಹಾದ ದೊಡ್ಡ ಪಾತ್ರೆ. ಬಾಗಿಲ ಪಕ್ಕ ಕಲ್ಲು ನಿಂತಿತ್ತು, ಮಿಸೆಸ್ ಹಾಬ್ಸನ್‌ರ ಮೇಜುವಸ್ತ್ರ ಹೊದ್ದುಕೊಂಡು. ಪುರಾವೆ ಬರುವ ಮೊದಲೇ ಅದನ್ನು ಅಲ್ಲಿ ಇರಿಸಲು ಹೇಳಿದ್ದೂ ಅವರೇ. ಡೆಸ್ಮಂಡ್ ಕ್ಯಾಮೆರಾ ಹಿಡಿದು ಮುಂದಿನ ಸಾಲಿನಲ್ಲಿ ಕೂತಿದ್ದ. ಅವರ ಮನೆತನಕ್ಕೆ ಎರಡನೇ ಸಾಲಿನಿಂದ ಬಡ್ತಿಯಾಗಿತ್ತು.

ಪಾದ್ರಿಗಳು ಕರೆದರು. ಕ್ಲಿಫರ್ಡ್ ಮುಂದೆ ಹೋದ. ಮೇಜುವಸ್ತ್ರದ ತುದಿ ಹಿಡಿದುಕೊಂಡ, ಎಳೆಯಲಿಲ್ಲ.

"ಇದರ ಕೆಳಗೆ ಒಂದು ಸುಳ್ಳಿದೆ," ಎಂದ. "ನಾನೇ ಬರೆಸಿದ್ದು. ನಮ್ಮವರು ಧಣಿಗಳೂ ಅಲ್ಲ, ಏನೂ ಅಲ್ಲ. ನಮ್ಮ ಮೂಲಪುರುಷ ಇದೇ ಬಾಗಿಲಲ್ಲಿ ಸಿಕ್ಕಿದ ಕೂಸು. ಇವತ್ತಿಗೆ ನೂರ ತೊಂಬತ್ತಮೂರು ವರ್ಷ. ಯಾರದ್ದು ಅಂತ ಗೊತ್ತಿಲ್ಲದ್ದಕ್ಕೆ ಊರಿನ ಹೆಸರು ಇಟ್ರು. ನಿಮಗೆಲ್ಲ ದೊಡ್ಡ ಮಾತು ಹೇಳ್ಬಿಟ್ಟೆ. ತಪ್ಪಾಯ್ತು."

ಡೆಸ್ಮಂಡ್ ಕಿಸಕ್ಕೆಂದ. "ಬಾಗಿಲಲ್ಲಿ ಸಿಕ್ಕಿದ್ದಾ? ಹಾಲಿನ ಬಾಟ್ಲಿ ಥರಾನಾ ಭಾವ?"

"ಮುಚ್ಚಯ್ಯಾ ಬಾಯಿ!" ಮಿಸೆಸ್ ಹಾಬ್ಸನ್ ಎದ್ದಿದ್ದರು. ಹಂದಿಗಳೂ ಪಂಚಾಯಿತಿಯೂ ಅಂಜುವ ದನಿ ಅದು. "ಹಡಗಲ್ಲಿ ಬಂದೋನು ನೀನು, ಹೊರಗಿನವ. ಇದು ನಮ್ಮೂರ ವಿಷಯ."

ಕೈಚೀಲ ಬಿಚ್ಚಿ ಒಂದು ಲಕೋಟೆ ತೆಗೆದರು. ದೂರದಿಂದಲೇ ನನಗೆ ವಿಳಾಸ ಕಂಡಿತು: 'ಸ್ಕೆಲ್ಬಿ, ಸ್ಕೆಲ್ಬಿ.' ಆ ಮೂಗಿಲ್ಲದ ಅಂಚೆಯವಳು ಅದನ್ನು ಪಂಚಾಯಿತಿಗೆ ಹಾಕಿದ್ದಳು! ಮಿಸ್ ಹ್ಯಾಲಮ್ ಎಂಬ ಪುಣ್ಯಾತಗಿತ್ತಿ, ನಾವು ಬೇಡವೆಂದ ಆ ನಡಾವಳಿ ಪುಸ್ತಕದ ಪ್ರತಿ ತೆಗೆದು ಕಳಿಸಿದ್ದಳು.

"ಪಂಚಾಯಿತಿ ಕಾಗದ ಅಂತ ಒಡೆದೆ. ಓದಿ ಮುಗಿಸಿದ ಮೇಲೆ ಇವನದ್ದು ಅಂತ ಗೊತ್ತಾಯ್ತು," ಎಂದು ಮಿಸೆಸ್ ಹಾಬ್ಸನ್ ಕನ್ನಡಕ ಏರಿಸಿದರು. "ಇವನಾಗೇ ತಪ್ಪಾಯ್ತು ಅಂತಾನೋ ಇಲ್ವೋ ನೋಡೋಣ ಅಂತ ಕಾದೆ. ಅಂದ. ಈಗ ಎಲ್ರೂ ಕೇಳಿ. 'ಕೂಸಿಗೆ ಹಾಲುಣಿಸುವ ಬಗ್ಗೆ. ಸೋಮವಾರ, ಮಂಗಳವಾರ ಹಾಬ್ಸನ್‌ರ ಮನೆ, ಅವರ ಸೊಸೆ ಬಾಣಂತಿ. ಬುಧವಾರ, ಗುರುವಾರ ಪಬ್ಬಿನ ಲೀಕ್‌ರ ಮನೆ. ಶುಕ್ರವಾರ, ಶನಿವಾರ ಪ್ಯಾಸ್ಕ್‌ರ ಮನೆ. ಅಲ್ಲಿ ಬಾಣಂತಿ ಇಲ್ಲದ ಕಾರಣ ಮೇಕೆ. ಭಾನುವಾರ ಪಾದ್ರಿಗಳ ಮನೆ.'"

ಮಿಸೆಸ್ ಹಾಬ್ಸನ್ ಹಾಳೆ ತಿರುಗಿಸಿದರು.

"ಆಗಿನ ಕಾಲದಲ್ಲಿ ಇಂಥ ಕೂಸು ಸಿಕ್ಕರೆ ಜನ ರಾತ್ರೋರಾತ್ರಿ ಪಕ್ಕದೂರಿನ ಗಡಿಯಾಚೆ ಇಟ್ಟು ಬರ್ತಿದ್ರು, ನಮಗ್ಯಾಕೆ ಭಾರ ಅಂತ. ನಮ್ಮೋರು ಏನ್ ಮಾಡಿದ್ರು ಗೊತ್ತಾ? ಕೇಳಿ. 'ಹೆಸರಿಡುವ ಬಗ್ಗೆ. ಹಾಬ್ಸನ್ ತನ್ನ ಹೆಸರೇ ಇಡಬೇಕೆಂದನು. ಲೀಕ್ ಒಪ್ಪಲಿಲ್ಲ, ತನ್ನದೇ ಆಗಬೇಕೆಂದನು. ಪ್ಯಾಸ್ಕ್, ಮೇಕೆಗೆ ಲೆಕ್ಕವಿಲ್ಲವೇ ಎಂದು ಕೇಳಿ ಲೀಕ್‌ನ ತಲೆಯ ಮೇಲೆ ಹ್ಯಾಟಿನಿಂದ ಹೊಡೆದನು. ಸಭೆ ಎರಡು ಬಾರಿ ಮುರಿದುಬಿತ್ತು. ಕೊನೆಗೆ, ಕೂಸು ಯಾವ ಒಂದು ಮನೆಯದೂ ಅಲ್ಲ, ಎಲ್ಲ ಮನೆಯದೂ ಹೌದು. ಆದ್ದರಿಂದ ಊರಿನ ಹೆಸರೇ ಅದರ ಹೆಸರೆಂದು ತೀರ್ಮಾನವಾಯಿತು.'"

ಮಿಸೆಸ್ ಹಾಬ್ಸನ್ ಕಾಗದ ಮಡಚಿದರು. ಮಡಚುವುದು ಒಂದೇ ಸಲಕ್ಕೆ ಆಗಲಿಲ್ಲ. "ಊರಿನವನಲ್ಲ ಅಂತ ಕೊರಗ್ತಿದ್ಯಾ, ಪೆದ್ದ? ನಿಮ್ಮ ಕೂಸಿಗೋಸ್ಕರ ನಮ್ಮೋರು ಹೊಡೆದಾಡಿದ್ದಾರೆ ಕಣೋ!"

ಕ್ಲಿಫರ್ಡ್ ಹ್ಯಾಟು ತೆಗೆದ. ನೇರ ಮಿಸೆಸ್ ಹಾಬ್ಸನ್ ಬಳಿ ಹೋಗಿ ಅವರ ಕೈ ಹಿಡಿದುಕೊಂಡ.

"ಬಹಳ ತಡವಾಯ್ತು, ಮಿಸೆಸ್ ಹಾಬ್ಸನ್. ಹಾಲಿಗೆ ಥ್ಯಾಂಕ್ಸ್."

ಅಲ್ಲಿಂದ ಹೊರೇಸ್ ಲೀಕ್ ಬಳಿ ಹೋದ. "ಹಾಲಿಗೆ ಥ್ಯಾಂಕ್ಸ್, ಹೊರೇಸ್." ಹೊರೇಸ್ ಆ ಹದಿನಾಲ್ಕು ಜನರ ಬಿಯರ್ ನೆನೆದೋ ಏನೋ, ತಲೆ ಎತ್ತಲಿಲ್ಲ. ಪಾದ್ರಿಗಳ ಬಳಿ ಹೋದ. "ಭಾನುವಾರಕ್ಕೆ ಥ್ಯಾಂಕ್ಸ್." ಕೊನೆಗೆ ನನ್ನ ಮುಂದೆ ಬಂದು ನಿಂತ. ಮೂವತ್ತು ವರ್ಷದ ನೆರೆಯವನು, ನನ್ನ ಕೈ ಹಿಡಿದ, ಬಿಡಲೇ ಇಲ್ಲ.

"ನಮ್ಮದು ಬರೀ ಮೇಕೆ ಕಣಯ್ಯಾ," ಎಂದೆ. ಆಮೇಲೆ ನಾನು ಅತ್ತೆ. ಧೂಳು ಬಿತ್ತು, ಗಾಳಿ ಇತ್ತು ಎಂದೆಲ್ಲ ಹೇಳಬಹುದು. ಧೂಳೂ ಇರಲಿಲ್ಲ, ಗಾಳಿಯೂ ಇರಲಿಲ್ಲ. ಖುಷಿಗೆ ಅತ್ತೆ.

"ಕಲ್ಲಿಗೇನ್ ಮಾಡೋದೀಗ?" ಎಂದು ಹಿಂದಿನಿಂದ ಕಲ್ಲುಕುಟಿಗ ಕೂಗಿದ. "ಕೆತ್ತಿದ್ದು ಅಳ್ಸೋಕಾಗಲ್ಲ ನನ್ನ ಕೈಲಿ. ಬೇಕಾದ್ರೆ ಹಿಂದುಮುಂದು ಮಾಡಿ ನಿಲ್ಲಿಸ್ಬಹುದು. ಆ ಕಡೆ ಖಾಲಿ ಇದೆ."

ಹಾಗೆಯೇ ಆಯಿತು. ಹಳೆಯ ಸಾಲು ಈಗ ಗೋಡೆಯ ಕಡೆಗಿದೆ. ಅದನ್ನು ಒಂದು ಜೇಡ ಓದಿಕೊಂಡಿದೆ. ಜನಕ್ಕೆ ಕಾಣುವ ಕಡೆ ಕ್ಲಿಫರ್ಡ್ ಹೇಳಿ ಬರೆಸಿದ ಸಾಲು: 'ಸ್ಕೆಲ್ಬಿ ಮನೆತನಕ್ಕೆ ಹೆಸರು ಕೊಟ್ಟ ಈ ಊರಿಗೆ.' ಅದರ ಕೆಳಗೆ ಸಣ್ಣದಾಗಿ ಒಂದು ಮೇಕೆ. ಅದು ನನ್ನ ಒತ್ತಾಯ. ಎಲೆಕೋಸಿಗಿಂತ ಚೆನ್ನಾಗಿ ಬಂದಿದೆ.

ಮೊನ್ನೆ ಪೇಟೆಯಿಂದ ಇಬ್ಬರೂ ಬಸ್ಸಿನಲ್ಲಿ ಬರುತ್ತಿದ್ದೆವು. ಕ್ಲಿಫರ್ಡ್ ಮತ್ತೆ ಮುಂದಿನ ಸೀಟಿನಲ್ಲೇ ಕೂರುತ್ತಾನೆ. "ಸ್ಕೆಲ್ಬಿ!" ಎಂದು ಡ್ರೈವರ್ ಕೂಗಿದ. ಕ್ಲಿಫರ್ಡ್ ಹ್ಯಾಟು ಎತ್ತಿದ. ಈ ಸಲ ಹಿಂದೆ ತಿರುಗಲಿಲ್ಲ, ಕಿಟಕಿಯಾಚೆ ಊರ ಹೆಸರಿನ ಹಲಗೆಗೆ ತಲೆಬಾಗಿದ.

ಡ್ರೈವರ್ ಹೊಸಬ. "ಯಾರಿಗೆ ಸಾರ್ ನಮಸ್ಕಾರ?" ಎಂದು ಕೇಳಿದ.

"ನಮ್ಮನೆಯವರಿಗಪ್ಪಾ."

ನಿಲ್ದಾಣದಲ್ಲಿ ಇದ್ದದ್ದು ಮಿಸೆಸ್ ಹಾಬ್ಸನ್ ಒಬ್ಬರೇ. ಕಾಲ ಬಳಿ ಹಂದಿ ಬೂಸಾದ ಎರಡು ಮೂಟೆ. ಬಸ್ಸಿನ ಬಾಗಿಲು ತೆರೆಯುವ ಮೊದಲೇ ಕೂಗು ಕೇಳಿಸಿತು: "ಎಷ್ಟ್ ಹೊತ್ತೋ ಕಾಯೋದು? ಇಳಿ ಬೇಗ, ಎತ್ತು ಇದನ್ನ!"

ಕ್ಲಿಫರ್ಡ್ ಇಳಿದು ಒಂದು ಮೂಟೆ ಹೆಗಲಿಗೇರಿಸಿಕೊಂಡ. ಇನ್ನೊಂದನ್ನು ನನಗೆ ತೋರಿಸಿದರು.